ನಾನು ಬಲಕ್ಕೆ ತಿರುಗಿಸಿದ್ದೆನೇ?

ಪ್ರಜ್ಞೆ ಮರಳಿದ ಮೇಲೆ ನನಗೆ ನೆನಪಿರುವ ಮೊದಲ ಮಾತು ಅಮ್ಮನದು.

"ಎಂತಕ್ಕೆ ಮಾರಾಯ ನೀನು ಸೈಕಲನ್ನು ಬಲಕ್ಕೆ ತಿರುಗಿಸಿದ್ದು?"

ಅದಕ್ಕೂ ಮೊದಲು ಅವಳು ಅತ್ತಿದ್ದಳಂತೆ, ನನ್ನ ಹಣೆ ಸವರಿದ್ದಳಂತೆ, ಹರಕೆ ಹೇಳಿಕೊಂಡಿದ್ದಳಂತೆ. ಅವು ಯಾವುವೂ ನನ್ನನ್ನು ತಲುಪಲಿಲ್ಲ. ತಲುಪಿದ್ದು ಈ ಪ್ರಶ್ನೆ. ಅತ್ತಾವರದ ಒಂದು ಆಸ್ಪತ್ರೆಯ ಹಾಸಿಗೆಯಲ್ಲಿ, ಕೊರಳ ಮೂಳೆ ಮುರಿದು, ತಲೆಬುರುಡೆಯಲ್ಲಿ ಸಣ್ಣ ಬಿರುಕು ಬಿಟ್ಟು, ಅದರ ಕೆಳಗೆ ರಕ್ತ ಹೆಪ್ಪುಗಟ್ಟಿ ಮಲಗಿದ್ದ ನಾನು ಉತ್ತರ ಹುಡುಕಿದೆ. ಉತ್ತರ ಇರಲಿ, ಸೈಕಲ್ಲೇ ಸಿಗಲಿಲ್ಲ. ರಸ್ತೆಯೂ ಸಿಗಲಿಲ್ಲ. ಮನೆಯ ಗೇಟಿಗೆ ಚಿಲಕ ಹಾಕಿದ್ದು ನೆನಪಿತ್ತು. ಅದರ ನಂತರದ್ದು ಅಮ್ಮನ ಪ್ರಶ್ನೆ. ನಡುವೆ ಕತ್ತಲೆ ಎಂದು ಹೇಳುವಂಥದ್ದೂ ಇಲ್ಲ. ಕತ್ತಲೆಯಾದರೆ ಕಾಣುತ್ತದೆ.

ತಲೆಗೆ ಪೆಟ್ಟು ಬಿದ್ದವರು, ಅವರನ್ನು ನೋಡಿಕೊಳ್ಳುತ್ತಿರುವವರು ಇದನ್ನು ಓದುತ್ತಿದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಗುಣವಾಗಿದ್ದೇನೆ, ಒಳ್ಳೆಯವನಾಗಿಲ್ಲ. ನೋವು ಮನುಷ್ಯನನ್ನು ಮಾಗಿಸುತ್ತದೆ ಎಂದು ಬರೆಯುವವರಿಗೆ ನನ್ನ ನಮಸ್ಕಾರ. ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸಿದ್ದು ಮಾತ್ರೆ, ಹೆಂಡತಿ ಮತ್ತು ಸೇಡು. ಮೊದಲ ಎರಡರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ.

ನಾನು ಕೊಡಿಯಾಲ್‌ಬೈಲಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮನೆ ಕುಲಶೇಖರದ ಕಡೆ. ವರ್ಷಗಳಿಂದ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದೆ: ಬಿಕರ್ನಕಟ್ಟೆ ದಾಟಿ, ನಂತೂರಿನ ಇಳಿಜಾರು ಇಳಿದು, ಬಸ್ಸು ಲಾರಿಗಳ ಪಕ್ಕದಲ್ಲಿ ಎಡಕ್ಕೆ ಅಂಟಿಕೊಂಡು. ಮನೆಮಾತು ಕೊಂಕಣಿ, ಇಲ್ಲಿ ನಮ್ಮವರು ಆಡುವ ಮಾತನ್ನೆಲ್ಲ ನಾನು ಮಂಗಳೂರಿನ ಕನ್ನಡಕ್ಕೆ ಹಾಕಿ ಬರೆಯುತ್ತಿದ್ದೇನೆ. ಎಂ.ಎಸ್ಸಿ. ಓದುವಾಗಲೇ ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವುದನ್ನು ಬಿಟ್ಟೆ. ಮದುವೆಗೆ, ಶವಸಂಸ್ಕಾರಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಪುರಾವೆ ಇಲ್ಲದೆ ಯಾವುದನ್ನೂ ನಂಬದವನು ಎಂದು ಊರಿನಲ್ಲಿ ನನ್ನ ಹೆಸರು, ಅದು ಹೊಗಳಿಕೆಯೇನಲ್ಲ.

ನನ್ನನ್ನು ಹಿಂದಿನಿಂದ ಗುದ್ದಿದ್ದು ಸ್ಟ್ಯಾನಿ ಬಾಬರ ಬಿಳಿ ಕಾರು. ಜಾಗ ಬಿಕರ್ನಕಟ್ಟೆ, ಬಾಲ ಯೇಸುವಿನ ಕ್ಷೇತ್ರಕ್ಕೆ ತಿರುಗುವಲ್ಲಿ, ಗುರುವಾರದ ಬೆಳಿಗ್ಗೆ. ಸ್ಟ್ಯಾನಿ ಬಾಬ್ ನಮ್ಮ ವಾಡೆಯ ಗುರ್ಕಾರ; ಬಾಬ್ ಎಂದರೆ ನಮ್ಮಲ್ಲಿ ಹಿರಿಯರನ್ನು ಕರೆಯುವ ರೀತಿ. ಇಗರ್ಜಿಯ ಮನೆಗಳನ್ನು ವಾಡೆಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬ ಹಿರಿಯನನ್ನು ಆರಿಸುತ್ತಾರೆ, ಅವನೇ ಗುರ್ಕಾರ. ಯಾರಾದರೂ ಸತ್ತರೆ ಮೊದಲು ಬರುವವನು ಅವನು. ಮನೆಮನೆಯ ಜಗಳದಲ್ಲಿ ನಡುವೆ ಕೂತು ರಾಜಿ ಮಾಡಿಸುವವನೂ ಅವನೇ. ಗುರ್ಕಾರನೇ ನನ್ನನ್ನು ಕೆಡವಿದರೆ ನಡುವೆ ಕೂರುವವರು ಯಾರು?

ಅಷ್ಟೇ ಅಲ್ಲ. ಬಿದ್ದ ನನ್ನನ್ನು ಅದೇ ಕಾರಿಗೆ ಹಾಕಿ ಆಸ್ಪತ್ರೆಗೆ ತಂದವರೂ ಸ್ಟ್ಯಾನಿ ಬಾಬ್. ಹಿಂದಿನ ಸೀಟಿನಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದಂತೆ ಹಿಡಿದು ಕೂತವರು, ರಸ್ತೆಬದಿಯ ಚಪ್ಪಲಿ ಅಂಗಡಿಯ ಇಸ್ಮಾಯಿಲ್. ಅಂಗಡಿಯನ್ನು ಹಾಗೇ ತೆರೆದಿಟ್ಟು ಬಂದಿದ್ದರು. ಊರಿನಲ್ಲಿ ಹಬ್ಬಿದ ಕಥೆ ಮಾತ್ರ ಒಂದೇ: "ಸ್ಟ್ಯಾನಿ ಬಾಬ್ ಇಲ್ಲದಿದ್ರೆ ಆಲ್ವಿನ್ ಅಲ್ಲೇ ಹೋಗ್ತಿದ್ದ." ಕೆಡವಿದವನು ಕಾಪಾಡಿದವನಾಗಲು ಒಂದು ಬೆಳಿಗ್ಗೆ ಸಾಕಾಯಿತು. ಆ ಕಥೆ ನಿಲ್ಲಬೇಕಾದರೆ ಒಂದು ಕಂಬ ಬೇಕಿತ್ತು, ಅದನ್ನೂ ಅವರೇ ನೆಟ್ಟರು: ಆಲ್ವಿನ್ ಸೈಕಲನ್ನು ಸಡನ್ನಾಗಿ ಬಲಕ್ಕೆ ತಿರುಗಿಸಿದ.

ಅಮ್ಮನಿಗೆ ಪ್ರಶ್ನೆ ಬಂದದ್ದು ಅಲ್ಲಿಂದ.

ಆಸ್ಪತ್ರೆಯ ದಿನಗಳನ್ನು ನಾನು ಕ್ರಮವಾಗಿ ಹೇಳಲಾರೆ. ಅವು ನನ್ನ ತಲೆಯಲ್ಲಿ ಕ್ರಮವಾಗಿ ಇಲ್ಲ. ಕೆಲವು ಮಾತ್ರ ಗಟ್ಟಿಯಾಗಿವೆ. ಎದ್ದು ಕೂತರೆ ಕೋಣೆ ನಿಧಾನವಾಗಿ ಎಡಕ್ಕೆ ಸರಿಯುತ್ತಿತ್ತು. ಬಟ್ಟಲನ್ನು ನೋಡಿ ಬಟ್ಟಲು ಎನ್ನಲಾಗದೆ "ಅದು, ಅದು" ಎನ್ನುತ್ತಿದ್ದೆ. ಅಮ್ಮ ಬಂಗುಡೆ ಸಾರು ತಂದಳು. ಮುಚ್ಚಳ ತೆಗೆದಾಗ ಪಕ್ಕದ ಹಾಸಿಗೆಯವನು ತಲೆಯೆತ್ತಿದ. ನನಗೆ ಏನೂ ಬರಲಿಲ್ಲ. ನಾಲಿಗೆಗೆ ಬಿಸಿ, ಹುಳಿ, ಖಾರ ಗೊತ್ತಾಯಿತು. ಮೀನು ಗೊತ್ತಾಗಲಿಲ್ಲ. ವಾಸನೆಯ ನರ ಕತ್ತರಿಸಿಹೋಗಿರಬಹುದು, ಮರಳಲೂಬಹುದು, ಮರಳದಿರಲೂಬಹುದು ಎಂದರು. ನಾನು ಪೂರ್ತಿ ಊಟ ಮಾಡಿ "ಒಳ್ಳೇದುಂಟು" ಎಂದೆ. ಅಮ್ಮ ನಂಬಲಿಲ್ಲ. ಬಟ್ಟಲು ತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ.

ಲವೀನಾ, ನನ್ನ ಹೆಂಡತಿ, ಅದೇ ಆಸ್ಪತ್ರೆಯ ಬೇರೆ ವಾರ್ಡಿನಲ್ಲಿ ನರ್ಸ್. ಡ್ಯೂಟಿಯ ನಡುವೆ ಬಂದು ನನ್ನ ಕಣ್ಣಿಗೆ ಟಾರ್ಚು ಬಿಟ್ಟು ಹೋಗುತ್ತಿದ್ದಳು. ಅವಳು ಹೆದರಿದ್ದಾಳೆಂದು ನನಗೆ ತಿಳಿದದ್ದು ಅವಳು ನನ್ನನ್ನು ಬೈಯುವುದನ್ನು ನಿಲ್ಲಿಸಿದಾಗ.

ಸ್ಟ್ಯಾನಿ ಬಾಬ್ ಭೇಟಿಯ ವೇಳೆಯಲ್ಲಿ ತಪ್ಪದೆ ಬರುತ್ತಿದ್ದರು. ಕುವೈಟಿನಲ್ಲಿ ದುಡಿದು ಬಂದು ಊರಲ್ಲಿ ನೆಲೆಸಿದವರು. ಇಸ್ತ್ರಿಯ ಅಂಗಿ, ಮೆತ್ತಗಿನ ಮಾತು. ಮೊದಲ ಸಲ ಬಂದಾಗ ವಾಡೆಯ ಹೆಂಗಸರನ್ನೂ ಕರೆತಂದು ನನ್ನ ಹಾಸಿಗೆಯ ಸುತ್ತ ನಿಲ್ಲಿಸಿ ಜಪಮಾಲೆ ಹೇಳಿಸಿದರು. ನಾನು ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡಿದೆ.

"ನಿದ್ದೆ ಬಂತು ಅವನಿಗೆ," ಎಂದಳು ಒಬ್ಬಳು.

"ಪ್ರಾರ್ಥನೆಯ ಶಕ್ತಿ ಹಾಗೇ," ಎಂದರು ಸ್ಟ್ಯಾನಿ ಬಾಬ್. ಆಮೇಲೆ ಅಮ್ಮನ ಕಡೆ ತಿರುಗಿ, "ಬಾಯೇ, ನಾನು ಬ್ರೇಕ್ ಹಾಕಿದೆ. ಏನು ಮಾಡುದು? ಇವನು ಒಮ್ಮೆಲೇ ಬಲಕ್ಕೆ ಬಂದ. ದೇವರ ದಯೆ, ಜೀವ ಉಳೀತು."

"ನಿಮ್ಮ ದಯೆ," ಎಂದಳು ಅಮ್ಮ.

ಆಗ ಹುಟ್ಟಿದ್ದು ನನ್ನ ದ್ವೇಷ. ಅದಕ್ಕೆ ಆಧಾರವೇ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಕಾಡಿದ್ದು. ನಾನು ನಿಜಕ್ಕೂ ತಿರುಗಿಸಿರಬಹುದಲ್ಲ? ಹೊಂಡ ತಪ್ಪಿಸಲು, ನಾಯಿಗೆ, ಯಾವುದಕ್ಕೂ ಅಲ್ಲದೆ? ಹಾಗೆ ತಿರುಗಿಸಿದ್ದರೆ ನನ್ನ ಕೈಯೇ ನನ್ನನ್ನು ಕೊಲ್ಲಲು ಹೊರಟಿತ್ತು. ಆ ಕೈಯನ್ನು ನಂಬಿ ಮತ್ತೆ ಹ್ಯಾಂಡಲ್ ಹಿಡಿಯುವುದು ಹೇಗೆ? ಅದು ಬಿಡಿ, ರಸ್ತೆ ದಾಟುವುದು ಹೇಗೆ, ಗ್ಯಾಸ್ ಆರಿಸಿದ್ದೇನೆಂದು ಮನೆ ಬಿಟ್ಟು ಹೊರಡುವುದು ಹೇಗೆ? ನನಗೆ ಬೇಕಿದ್ದದ್ದು ಅದೊಂದು ಕ್ಷಣದ ಸತ್ಯ. ಅದು ಎಲ್ಲರ ಹತ್ತಿರವೂ ಇತ್ತು, ನನ್ನ ಹತ್ತಿರ ಬಿಟ್ಟು. ಇಸ್ಮಾಯಿಲ್‌ರ ಹತ್ತಿರ ಮಾತ್ರ ಇರಲಿಲ್ಲ. ಅವರು ತಲೆಯೆತ್ತಿದ್ದು ಸದ್ದು ಕೇಳಿದ ಮೇಲೆ. ಅವರ ಅಂಗಡಿಯ ಕ್ಯಾಮೆರಾ ಇದ್ದದ್ದು ಚಪ್ಪಲಿ ಕದಿಯುವವರಿಗಾಗಿ, ರಸ್ತೆಗೆ ಬೆನ್ನು ಹಾಕಿ.

ಸ್ಕ್ಯಾನಿಗೆ ಕಾಯುವ ಸಾಲಿನಲ್ಲಿ ಒಂದು ದಿನ ನನ್ನ ಗಾಲಿಕುರ್ಚಿಯ ಪಕ್ಕ ಉಳ್ಳಾಲದ ಕಡೆಯ ವಯಸ್ಸಾದ ಬ್ಯಾರಿ ಹೆಂಗಸೊಬ್ಬರು ಕೂತಿದ್ದರು. ಗಂಡನನ್ನು ಒಳಗೆ ಕಳಿಸಿ ಹೊರಗೆ ತಸ್ಬಿ ಎಣಿಸುತ್ತಿದ್ದರು.

"ಎಂತ ಆದದ್ದು ನಿಮಗೆ?"

"ಕಾರು ಗುದ್ದಿದ್ದು."

"ಅವ ಸಿಕ್ಕಿದ್ನಾ, ಓಡಿದ್ನಾ?"

"ಸಿಕ್ಕಿದ. ನಮ್ಮ ಊರಿನವರೇ. ಕ್ಷಮಿಸು ಅಂತ ಎಲ್ಲ ಹೇಳ್ತಾರೆ."

ಅವರು ಮಣಿ ಎಣಿಸುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟು ಬೇಗ ಬೇಡ," ಎಂದರು. "ಮೊದಲು ನಿಮ್ಮ ಕೈ ಸರಿಯಾಗ್ಲಿ."

ಆ ಆಸ್ಪತ್ರೆಯಲ್ಲಿ ನನಗೆ ಸಿಕ್ಕಿದ ಅತ್ಯಂತ ದೊಡ್ಡ ಕರುಣೆ ಆ ಮಾತು. ಗಾಯಗೊಂಡವನನ್ನು ಎಲ್ಲರೂ ದೊಡ್ಡಮನುಷ್ಯನಾಗು ಎಂದು ಒತ್ತಾಯಿಸುತ್ತಿರುವಾಗ ಯಾರಾದರೂ ಒಬ್ಬರು ಸಣ್ಣವನಾಗಿರಲು ಅನುಮತಿ ಕೊಡಬೇಕು.

ಅದರ ನಂತರವೇ ನೆನಪು ಮರಳಿತು.

ಅದೊಂದು ಚಿತ್ರ. ಕಾರಿನ ಗಾಜು, ಕನ್ನಡಿಗೆ ನೇತುಹಾಕಿದ ಜಪಮಾಲೆ, ಅದರಾಚೆ ಸ್ಟಿಯರಿಂಗ್ ಬಿಟ್ಟು ಮೇಲೇಳುವ ಕೈ. ಮಣಿಕಟ್ಟಿನಲ್ಲಿ ಏನೋ ಹೊಳೆಯುತ್ತಿದೆ. ಕೈ ಹಣೆಗೆ ಹೋಗುತ್ತದೆ, ಎದೆಗೆ ಬರುತ್ತದೆ, ಎಡ ಭುಜ ಮುಟ್ಟುತ್ತದೆ.

ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಇಗರ್ಜಿಯೋ ಶಿಲುಬೆಯೋ ಎದುರಾದರೆ ಕೈ ತಾನಾಗಿ ಎದ್ದು ಶಿಲುಬೆಯ ಗುರುತು ಮಾಡುತ್ತದೆ. ಬಸ್ಸಿನಲ್ಲಿ ಕೂತವರು ಮಾಡುತ್ತಾರೆ, ಸ್ಕೂಟರ್ ಓಡಿಸುವವರೂ ಮಾಡುತ್ತಾರೆ. ದೇವಸ್ಥಾನದೆದುರು ಸ್ಕೂಟರಿನಲ್ಲೇ ಎದೆ ಮುಟ್ಟಿ ತುಟಿ ಮುಟ್ಟಿಕೊಳ್ಳುವವರೂ ಇದ್ದಾರೆ. ಈ ವಿಷಯದಲ್ಲಿ ಮಂಗಳೂರಿನಲ್ಲಿ ಜಾತಿಭೇದವಿಲ್ಲ. ಬಿಕರ್ನಕಟ್ಟೆಯ ಆ ತಿರುವಿನಲ್ಲಿ, ಅದರಲ್ಲೂ ನೊವೆನಾ ಪ್ರಾರ್ಥನೆಯ ಗುರುವಾರ, ಎಷ್ಟು ಕೈಗಳು ಸ್ಟಿಯರಿಂಗ್ ಬಿಡುತ್ತವೆಯೋ ಬಾಲ ಯೇಸುವಿಗೇ ಗೊತ್ತು. ಕಣ್ಣೂ ಕೈಯ ಜೊತೆಗೇ ಕ್ಷೇತ್ರವಿರುವ ಗುಡ್ಡದ ಕಡೆ ಹೋಗುತ್ತದೆ. ಆ ಒಂದು ಉಸಿರಿನ ಹೊತ್ತು ರಸ್ತೆಯನ್ನು ನೋಡುವ ಜವಾಬ್ದಾರಿ ದೇವರದು.

ಹಾಗಾದರೆ ಹೀಗೆ! ಸ್ಟ್ಯಾನಿ ಬಾಬ್ ಬ್ರೇಕನ್ನೇ ಹಾಕಿರಲಿಲ್ಲ. ನನ್ನನ್ನು ನೋಡಿಯೇ ಇರಲಿಲ್ಲ. ಪ್ರಾರ್ಥಿಸುತ್ತ ನನ್ನನ್ನು ಗುದ್ದಿ, ಆಮೇಲೆ ನನ್ನ ಹಾಸಿಗೆಯ ಸುತ್ತ ಪ್ರಾರ್ಥಿಸಿದರು. ನನಗೆ ಆದ ಸಂತೋಷವನ್ನು ಹೇಳಲು ನಾಚಿಕೆಯಿಲ್ಲ. ತಲೆ ಸುತ್ತುವುದೂ ಕಮ್ಮಿಯಾಯಿತು. ಪೊಲೀಸರೆದುರು ಹೇಳುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ, ವಾಡೆಯ ಸಭೆಯಲ್ಲಿ ಹೇಳುವುದನ್ನೂ. ಗುರ್ಕಾರನ ಇಸ್ತ್ರಿಯ ಅಂಗಿ ಬೆವರುವುದನ್ನು ಕಣ್ಣಾರೆ ಕಂಡೆ.

ತಲೆಯ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ನೆನಪು ಬಂತು ಎಂದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

"ಬಂದದ್ದು ಒಳ್ಳೇದು ಸರ್. ಆದ್ರೆ ನಂಬ್ಲಿಕ್ಕೆ ಹೋಗ್ಬೇಡಿ. ಖಾಲಿ ಜಾಗ ಅಂದ್ರೆ ಮೆದುಳಿಗೆ ಆಗುದಿಲ್ಲ. ಎಲ್ಲಿಂದಾದ್ರೂ ಎಂತಾದ್ರೂ ತಂದು ತುಂಬಿಸ್ತದೆ."

"ಇದು ಬಹಳ ಸ್ಪಷ್ಟ ಉಂಟು."

"ಅದೇ ತೊಂದರೆ," ಎಂದಳು.

ನಾನು ನಕ್ಕುಬಿಟ್ಟೆ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವ ಮಾತನ್ನೇ ಅವಳು ನನಗೆ ಹೇಳುತ್ತಿದ್ದಳು. ಆದರೆ ಸಂಶಯ ಪಡುವ ಆಸೆ ಆಗ ನನಗಿರಲಿಲ್ಲ.

ಬಿಡುಗಡೆಯ ದಿನ ಲವೀನಾ ತನ್ನ ಸಣ್ಣ ಕಾರಿನಲ್ಲಿ ನನ್ನನ್ನು ಮನೆಗೆ ಕರೆದೊಯ್ದಳು. ಮರುದಿನ ಹೇಳಿಕೆ ಬರೆದುಕೊಳ್ಳಲು ಪೊಲೀಸರು ಬರುವವರಿದ್ದರು. ನಾನು ಅವಳ ಎಡಪಕ್ಕದಲ್ಲಿ, ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಹಾಕಿಕೊಂಡು, ವಾಂತಿ ಬರದಿರಲೆಂದು ಒಂದೇ ಕಡೆ ನೋಡುತ್ತ ಕೂತಿದ್ದೆ. ನಂತೂರು ಹತ್ತಿದೆವು. ಬಿಕರ್ನಕಟ್ಟೆ ಬಂತು. ನನ್ನ ರಕ್ತ ಬಿದ್ದ ಜಾಗದಲ್ಲಿ ಯಾರೋ ಎಳನೀರು ರಾಶಿ ಹಾಕಿದ್ದರು.

ಲವೀನಾಳ ಕೈ ಸ್ಟಿಯರಿಂಗ್ ಬಿಟ್ಟು ಮೇಲೆದ್ದಿತು. ಹಣೆಗೆ, ಎದೆಗೆ, ಎಡ ಭುಜಕ್ಕೆ. ಅವಳ ಎದುರು ಕನ್ನಡಿಯಲ್ಲಿ ಜಪಮಾಲೆ ತೂಗುತ್ತಿತ್ತು. ಮಣಿಕಟ್ಟಿನಲ್ಲಿ ಅವಳ ಚಿನ್ನದ ಬಳೆ ಹೊಳೆಯಿತು.

ಅದೇ ಚಿತ್ರ. ಒಂದು ಗೆರೆಯೂ ಬೇರೆಯಿಲ್ಲ. ಆ ಕೈಯನ್ನು ನಾನು ನೋಡಿದ್ದು ಕಾರಿನ ಹೊರಗಿನಿಂದ ಅಲ್ಲವೇ ಅಲ್ಲ, ಒಳಗಿನಿಂದ, ಎಡಗಡೆಯ ಸೀಟಿನಿಂದ, ಮದುವೆಯಾದಾಗಿನಿಂದ ನೋಡುತ್ತಲೇ ಬಂದಿದ್ದೆ. ಮತ್ತು ಇನ್ನೊಂದು ಸಂಗತಿ, ಭೌತಶಾಸ್ತ್ರದ ಮೇಷ್ಟ್ರಿಗೆ ಮೊದಲೇ ಹೊಳೆಯಬೇಕಿದ್ದದ್ದು: ಹಿಂದಿನಿಂದ ಬಂದು ಗುದ್ದಿದ ಕಾರಿನ ಗಾಜಿನೊಳಗೆ ನಾನು ನೋಡುವುದಾದರೂ ಹೇಗೆ? ನನ್ನ ಬೆನ್ನಿಗೆ ಕಣ್ಣಿತ್ತೇ?

"ಎಂತ ಆಯ್ತು? ಕಾರು ನಿಲ್ಲಿಸ್ಬೇಕಾ?" ಎಂದಳು ಲವೀನಾ.

"ಎರಡೂ ಕೈಯಲ್ಲಿ ಓಡಿಸು," ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಮನೆ ಮುಟ್ಟಿದ ಮೇಲೆ ಹೇಳಿದೆ. ಅವಳು ತನ್ನ ಕೈಯನ್ನೇ ನೋಡುತ್ತ ಕೂತಳು.

"ಪೊಲೀಸರಿಗೆ ಹೇಳು ಆದರೂ," ಎಂದಳು ಕೊನೆಗೆ. "ಅವರು ಮಾಡೇ ಇರ್ತಾರೆ. ಯಾರು ಮಾಡುದಿಲ್ಲ?"

"ಮಾಡಿರ್ತಾರೆ ಅನ್ನುವುದು ಬೇರೆ. ನಾನು ನೋಡಿದೆ ಅನ್ನುವುದು ಬೇರೆ."

"ಎಲ್ಲ ಬಿಟ್ಟು ಈಗ ನಿನಗೆ ಪ್ರಾಮಾಣಿಕತೆ! ನಿನ್ನ ತಲೆ ಸರಿ ಇಲ್ಲ."

"ಅದೇ ನಾನೂ ಹೇಳುದು."

ಮರುದಿನ ಬಂದ ಹೆಡ್ ಕಾನ್ಸ್‌ಟೇಬಲ್‌ಗೆ "ಏನೂ ನೆನಪಿಲ್ಲ" ಎಂದೆ. ಆತ ಪೆನ್ನಿನ ಮುಚ್ಚಳ ಹಾಕಿ, ಅಮ್ಮ ಕೊಟ್ಟ ಚಹಾ ಕುಡಿದು, "ಹಾಗಾದ್ರೆ ಅವರು ಹೇಳಿದ್ದೇ ಉಳೀತದೆ ಸರ್," ಎಂದು ಹೋದ. ಅಮ್ಮನಿಗೆ ನಿರಾಳವಾಯಿತು. ನಾನು ಹಾಸಿಗೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದೆ. ಸೇಡಿನ ಮದ್ದೂ ಮುಗಿದಿತ್ತು.

ಆಮೇಲಿನದು ಅನಾರೋಗ್ಯದ ಅತ್ಯಂತ ಉದ್ದದ ಭಾಗ. ಅದನ್ನು ಬರೆಯಲು ಅತ್ಯಂತ ಕಮ್ಮಿ ಮಾತು ಸಾಕು. ಸದ್ದು ಸಹಿಸಲಾಗುತ್ತಿರಲಿಲ್ಲ. ಕುಕ್ಕರ್ ಕೂಗಿದರೆ ಅಳು ಬರುತ್ತಿತ್ತು. ಓದಿದ ಸಾಲು ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಅಳಿಸಿಹೋಗುತ್ತಿತ್ತು. ಅಂಗಳದಲ್ಲಿ ಸೈಕಲ್ ಹಿಂದಿನ ಚಕ್ರ ಸೊಟ್ಟಗಾಗಿ ನಿಂತಿತ್ತು. ನಾನು ಅದರ ಸೀಟಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದೆ, ಹತ್ತುತ್ತಿರಲಿಲ್ಲ. ಮೂಗಿಗೆ ಮೊದಲು ಮರಳಿದ ವಾಸನೆ ಡೀಸೆಲ್ ಹೊಗೆಯದು. ಗೇಟಿನ ಹತ್ತಿರ ನಿಂತಿದ್ದಾಗ ಬಸ್ಸೊಂದು ಕೊಟ್ಟು ಹೋಯಿತು. ನಿಂತಲ್ಲೇ ಕೈ ಜೋಡಿಸಬೇಕೆನಿಸಿತು, ಯಾರಿಗೆಂದು ತಿಳಿಯದೆ ಸುಮ್ಮನಾದೆ.

ಇಸ್ಮಾಯಿಲ್ ಒಮ್ಮೆ ಮನೆಗೆ ಬಂದರು. ಆ ದಿನ ನನ್ನ ಕಾಲಿನಿಂದ ಹಾರಿ ಬಿದ್ದಿದ್ದ ಒಂದು ಬೂಟನ್ನು ತೊಳೆದು ತಂದಿದ್ದರು. ಇನ್ನೊಂದು ಆಸ್ಪತ್ರೆಯಲ್ಲೇ ಕಳೆದುಹೋಗಿತ್ತು.

"ಒಂದನ್ನೇ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ?" ಎಂದೆ.

"ನಾನು ಚಪ್ಪಲಿಯವ. ಒಂಟಿ ಬೂಟು ಕಂಡ್ರೆ ನನಗೆ ಆಗುದಿಲ್ಲ ಮಾಷ್ಟ್ರೇ, ಅದಕ್ಕೆ ತಂದದ್ದು." ಬಿದ್ದ ಮೇಲೆ ಮೊದಲ ಸಲ ನಾನು ಹೊಟ್ಟೆ ಹಿಡಿದು ನಕ್ಕೆ. ಕೊರಳ ಮೂಳೆ ನೋಯುವಷ್ಟು.

ಅತ್ತಾವರಕ್ಕೆ ವಾರದಲ್ಲಿ ಕೆಲವು ದಿನ ಭುಜದ ವ್ಯಾಯಾಮಕ್ಕೆ ಹೋಗಬೇಕಿತ್ತು. ಲವೀನಾಳ ಡ್ಯೂಟಿಗೆ ಅದು ಹೊಂದುತ್ತಿರಲಿಲ್ಲ. ಸ್ಟ್ಯಾನಿ ಬಾಬ್ ಅಮ್ಮನ ಹತ್ತಿರ ಹೇಳಿ ಕಳಿಸಿದರು: ನಾನು ಕರ್ಕೊಂಡು ಹೋಗ್ತೇನೆ. ಅಮ್ಮ ಹೆದರುತ್ತಲೇ ಕೇಳಿದಳು. ನಾನು ತಕ್ಷಣ "ಆಯ್ತು" ಎಂದೆ. ಅವಳ ಕಣ್ಣು ತುಂಬಿತು. ಮಗ ಕ್ಷಮಿಸಿದ ಎಂದುಕೊಂಡಳು. ವಾಡೆಯಿಡೀ ಹಾಗೇ ಅಂದುಕೊಂಡಿತು.

ನನಗೆ ಬೇಕಿದ್ದದ್ದು ಆ ಎಡಗಡೆಯ ಸೀಟು. ಪುರಾವೆ ನನ್ನ ತಲೆಯಲ್ಲಿಲ್ಲದಿದ್ದರೆ ಅವರ ಕೈಯಲ್ಲಿರುತ್ತದೆ. ಬಿಕರ್ನಕಟ್ಟೆ ಬಂದಾಗ ಆ ಕೈ ಮೇಲೇಳುವುದನ್ನು ನಾನು ನೋಡಬೇಕು. ನೋಡಿದ ಕೂಡಲೇ, "ಹೀಗೇ ಅಲ್ವಾ ನನ್ನನ್ನು ಕೊಲ್ಲಲಿಕ್ಕೆ ಹೊರಟದ್ದು?" ಎಂದು ಕೇಳಬೇಕು. ಆ ವಾಕ್ಯವನ್ನು ತಿದ್ದಿ ತೀಡಿ ಬಾಯಲ್ಲಿಟ್ಟುಕೊಂಡೇ ನಾನು ಆ ಕಾರು ಹತ್ತಿದೆ.

ಸ್ಟ್ಯಾನಿ ಬಾಬ್ ನನ್ನ ಸೀಟುಬೆಲ್ಟನ್ನು ತಾವೇ ಹಾಕಿದರು. ದಾರಿಯಲ್ಲಿ ಹವೆಯ ಬಗ್ಗೆ, ಮೀನಿನ ಬಗ್ಗೆ, ಮಗಳ ಮದುವೆಯ ಬಗ್ಗೆ ಮಾತಾಡಿದರು. ಬಿಕರ್ನಕಟ್ಟೆ ಹತ್ತಿರವಾದಂತೆ ಮಾತು ನಿಂತಿತು. ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ.

ಕೈ ಏಳಲಿಲ್ಲ.

ಎರಡೂ ಕೈ ಸ್ಟಿಯರಿಂಗಿನ ಮೇಲೆ, ಬೆರಳ ಗಂಟುಗಳು ಬಿಳಚಿಕೊಳ್ಳುವಷ್ಟು ಬಿಗಿಯಾಗಿ. ಕತ್ತು ಗುಡ್ಡದ ಕಡೆ ಹೊರಳಲಿಲ್ಲ. ತಿರುವು ದಾಟಿದ ಮೇಲೆ ಉಸಿರು ಬಿಟ್ಟರು. ಮರಳಿ ಬರುವಾಗಲೂ ಹಾಗೇ. ಮುಂದಿನ ಸಲವೂ. ದಾರಿಯಲ್ಲಿ ಬೇರೊಂದು ಇಗರ್ಜಿಯ ಮುಂದೆ ಕೈ ತಾನಾಗಿ ಎದ್ದು ಹಣೆ ಮುಟ್ಟಿ ಬಂತು. ಬಿಕರ್ನಕಟ್ಟೆಯಲ್ಲಿ ಮಾತ್ರ ಮೊಳೆ ಹೊಡೆದಂತೆ ಅಲ್ಲೇ ಇತ್ತು. ವಾಡೆಗೆಲ್ಲ ಜಪಮಾಲೆ ಹೇಳಿಸುವ ಮನುಷ್ಯ, ಗುರುವಾರದ ನೊವೆನಾ ತಪ್ಪಿಸದವನು, ಬಾಲ ಯೇಸುವಿನೆದುರು ನಾಸ್ತಿಕನಂತೆ ಹೋಗುತ್ತಿದ್ದ.

ಇದನ್ನು ಪುರಾವೆ ಎನ್ನುವುದಿಲ್ಲ. ವಿದ್ಯಾರ್ಥಿ ಹೀಗೆ ಬರೆದರೆ ನಾನು ಸೊನ್ನೆ ಕೊಡುತ್ತೇನೆ. ಅದಕ್ಕೇ ಇನ್ನೊಂದು ದಿನ ಹೋಗುವಾಗ, ತಿರುವು ದಾಟಿದ ಕೂಡಲೇ ಕೇಳಿದೆ. ಬಾಯಲ್ಲಿಟ್ಟುಕೊಂಡಿದ್ದ ವಾಕ್ಯ ಉಪಯೋಗಕ್ಕೆ ಬರಲಿಲ್ಲ.

"ಸ್ಟ್ಯಾನಿ ಬಾಬ್, ಇಲ್ಲಿ ನೀವು ಶಿಲುಬೆ ಗುರುತು ಯಾಕೆ ಮಾಡುದಿಲ್ಲ?"

ನಂತೂರಿನ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಪಕ್ಕದ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗುತ್ತಿದ್ದ. ಸಿಗ್ನಲ್ ಬಿಟ್ಟಿತು. ಹಿಂದಿನವರು ಹಾರ್ನ್ ಬಾರಿಸಿದರು. ಸ್ಟ್ಯಾನಿ ಬಾಬ್ ಕಾರನ್ನು ಸ್ವಲ್ಪ ಮುಂದೆ ತಂದು ಬದಿಗೆ ನಿಲ್ಲಿಸಿದರು.

"ಕೈ ಬರುದಿಲ್ಲ," ಎಂದರು.

"ಯಾಕೆ?"

"ನಿನಗೆ ಗೊತ್ತುಂಟು."

"ನನಗೆ ಏನೂ ಗೊತ್ತಿಲ್ಲ. ನನ್ನ ತಲೆಯಲ್ಲಿ ಏನೂ ಇಲ್ಲ. ಇರುವುದು ನಿಮ್ಮ ಹತ್ತಿರ ಮಾತ್ರ. ನಾನು ತಿರುಗಿಸಿದ್ನಾ?"

ಅವರು ಗಾಜಿನ ಹೊರಗೆ ನೋಡುತ್ತಿದ್ದರು.

"ಸ್ಟ್ಯಾನಿ ಬಾಬ್, ನಾನು ಬಲಕ್ಕೆ ತಿರುಗಿಸಿದ್ನಾ?"

"ಇಲ್ಲ," ಎಂದರು. "ನೀನು ನೇರ ಇದ್ದೆ. ಎಡದಲ್ಲೇ ಇದ್ದೆ. ನಾನು ಕೈ ಇಳಿಸುವಾಗ ನೀನು ಬಾನೆಟ್ಟಿನ ಮೇಲಿದ್ದೆ."

ನನಗೆ ಬೇಕಿದ್ದದ್ದು ಸಿಕ್ಕಿತು. ನಾನು ಜೋಳಿಗೆಯಲ್ಲಿದ್ದ ನನ್ನ ಕೈಯನ್ನು ನೋಡಿಕೊಂಡೆ. ಅದು ತಪ್ಪು ಮಾಡಿರಲಿಲ್ಲ. ಆ ಕ್ಷಣ ಅಳು ಬಂದಿದ್ದರೆ ಈ ಕಥೆ ಸುಂದರವಾಗುತ್ತಿತ್ತು; ಅವರು ಅತ್ತರು, ನಾನು ಅಳಲಿಲ್ಲ.

"ಎಲ್ಲರ ಎದುರು ಹೇಗೆ ಹೇಳುದು?" ಎಂದರು. "ದೇವರಿಗೆ ಕೈ ಎತ್ತಿದ್ದಕ್ಕೆ ಹೀಗಾಯ್ತು ಅಂತ ಹೇಳ್ಲಾ? ಗುರ್ಕಾರ ನಾನು. ಮಗಳ ರೋಸ್ ಹತ್ತಿರ ಬಂತು. ಮದುವೆ ಕಳೀಲಿ ಆಲ್ವಿ, ನಿನ್ನ ಕಾಲಿಗೆ ಬೀಳ್ತೇನೆ."

"ಕಾಲಿಗೆ ಬೇಡ. ಸ್ಟೇಷನ್ನಿಗೆ."

"ಈಗಲಾ?"

"ಈಗ. ವ್ಯಾಯಾಮ ನಾಳೆ ಮಾಡ್ತೇನೆ."

ರೋಸ್ ಎಂದರೆ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ಸಂಭ್ರಮ. ಇಡೀ ವಾಡೆ ಬರುತ್ತದೆ, ಅಪ್ಪನ ಮುಖ ನೋಡುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಕಾಯಬಹುದಿತ್ತು. ನನ್ನನ್ನು ಕಾಯಿಸಿದವರಿಗೆ ನಾನು ಕಾಯಲಿಲ್ಲ.

ಸ್ಟೇಷನ್ನಿನಲ್ಲಿ ಅದೇ ಹೆಡ್ ಕಾನ್ಸ್‌ಟೇಬಲ್. ಸ್ಟ್ಯಾನಿ ಬಾಬ್ ಹೇಳಿದ್ದನ್ನು ಕೇಳಿ ನನ್ನ ಕಡೆ ನೋಡಿದ, ಅವರ ಕಡೆ ನೋಡಿದ. "ನೀವಿಬ್ಬರೂ ಒಂದೇ ಕಾರಿನಲ್ಲಿ ಬಂದದ್ದಾ?" ಎಂದ. ಹೌದೆಂದೆವು. "ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ಮಾರಾಯ್ರೇ," ಎಂದು ಗೊಣಗುತ್ತ ಬರೆಯತೊಡಗಿದ. ಕೈ ಯಾಕೆ ಬಿಟ್ಟಿರಿ ಎಂದು ಕೇಳಿದಾಗ ಸ್ಟ್ಯಾನಿ ಬಾಬ್ ಅದನ್ನು ಮಾಡಿ ತೋರಿಸಬೇಕಾಯಿತು, ಆ ಮೇಜಿನೆದುರು ನಿಂತು: ಹಣೆ, ಎದೆ, ಭುಜ. ನಾನು ಕಣ್ಣು ತೆಗೆಯದೆ ನೋಡಿದೆ. ಈ ಸಲದ್ದು ನನ್ನದೇ ನೆನಪು, ಎಲ್ಲಿಂದಲೂ ತಂದದ್ದಲ್ಲ.

ಅಮ್ಮ ನನ್ನೊಂದಿಗೆ ಬಹಳ ದಿನ ಮಾತಾಡಲಿಲ್ಲ. "ಮದುವೆ ಮನೆಯವರನ್ನು ಪೊಲೀಸ್ ಸ್ಟೇಷನ್ ಹತ್ತಿಸಿದ್ಯಲ್ಲ, ನಿನಗೆ ಹೃದಯ ಇಲ್ವಾ?" ಎಂದದ್ದೇ ಕೊನೆ. "ಆದ್ರೆ ನಾನು ತಿರುಗಿಸ್ಲಿಲ್ಲ ಅಮ್ಮ" ಎಂದೆ. ಅವಳು ಒಳಗೆ ಹೋದಳು. ಒಂದು ಮಧ್ಯಾಹ್ನ, ಕೇಳದೆಯೇ, ಬಂಗುಡೆ ಸಾರು ಮಾಡಿದಳು. ವಾಸನೆ ಅರೆಬರೆ ಬಂತು, ಗೋಡೆಯಾಚೆಯಿಂದ ಬಂದಂತೆ.

ಸ್ಟ್ಯಾನಿ ಬಾಬರ ಲೈಸೆನ್ಸನ್ನು ಸ್ವಲ್ಪ ಕಾಲ ತಡೆಹಿಡಿದರು. ದಂಡ ಆಯಿತು. ಗುರ್ಕಾರಿಕೆಯನ್ನು ಅವರೇ ಬಿಟ್ಟರು. ಮದುವೆ ನಡೆಯಿತು. ನಮಗೆ ಕರೆಯೋಲೆ ಬಂತು. ಲವೀನಾ ಹೋದಳು, ನಾನು ಹೋಗಲಿಲ್ಲ. ಕ್ಷಮಿಸಿದೆಯಾ ಎಂದು ಜನ ಇಂದಿಗೂ ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಅವರಿಗೆ ಬೇಸರವಾಗುತ್ತದೆ, ಕಥೆ ಅರ್ಧಕ್ಕೇ ನಿಂತಂತೆ.

ನಾನು ಮತ್ತೆ ಸೈಕಲ್ ಹತ್ತಿದ್ದೇನೆ. ಮೊದಮೊದಲು ಅಂಗಳದಲ್ಲಿ, ಆಮೇಲೆ ಒಳರಸ್ತೆಯಲ್ಲಿ, ಆಮೇಲೆ ಹೆದ್ದಾರಿಯಲ್ಲಿ. ಹಿಂದೆ ಕಾರಿನ ಸದ್ದು ಬಂದರೆ ಬೆನ್ನು ಈಗಲೂ ಕಲ್ಲಾಗುತ್ತದೆ. ಅದು ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾಳೆ. ಇದನ್ನು ಓದುವ, ನನ್ನಂತೆ ಬಿದ್ದೆದ್ದವರಿಗೂ ಅದನ್ನೇ ಹೇಳುತ್ತೇನೆ: ಹೋಗುವುದಿಲ್ಲ, ಆದರೂ ಹತ್ತಬಹುದು.

ಕಳೆದ ವಾರ ಬೆಳಿಗ್ಗೆ ನಮ್ಮ ಕಡೆಯ ರಸ್ತೆಯಲ್ಲಿ ಮುಂದೆ ಒಬ್ಬರು ನಡೆದು ಹೋಗುತ್ತಿದ್ದರು. ಅಲ್ಲಿ ಫುಟ್‌ಪಾತ್ ಇಲ್ಲ. ಬಿಳಿ ಗೆರೆಯಾಚೆ ಮಣ್ಣು, ಅದರಾಚೆ ಚರಂಡಿ. ಹಾಗಾಗಿ ಗೆರೆಯ ಮೇಲೇ ನಡೆಯುತ್ತಿದ್ದರು. ಇಸ್ತ್ರಿಯ ಅಂಗಿ ನೋಡಿ ಗುರುತು ಹಿಡಿದೆ. ಬೆಳಗಿನ ಪೂಜೆಗೆ ಹೊರಟಿದ್ದರು, ಕಾಲ್ನಡಿಗೆಯಲ್ಲಿ. ಪಕ್ಕದಲ್ಲಿ ಲಾರಿಗಳು ಗಾಳಿ ಎಬ್ಬಿಸಿ ಹೋಗುತ್ತಿದ್ದವು.

ಬೆಲ್ ಹೊಡೆದಿದ್ದರೆ ಅವರು ಚರಂಡಿಗೆ ಹಾರುತ್ತಿದ್ದರು. ಮೊಣಕೈ ತಾಗುವಷ್ಟು ಹತ್ತಿರದಿಂದ ದಾಟಿ ಹೋಗಬಹುದಿತ್ತು. ಎರಡನ್ನೂ ಯೋಚಿಸಿದೆ, ರುಚಿ ನೋಡುವಂತೆ ನಿಧಾನವಾಗಿ ಯೋಚಿಸಿದೆ. ಆಮೇಲೆ ಬ್ರೇಕ್ ಹಿಡಿದು ಅವರ ನಡಿಗೆಯ ವೇಗಕ್ಕೆ ಇಳಿದೆ. ಅವರಿಗೂ ನನಗೂ ನಡುವೆ ಒಂದು ಕಾರಿನಷ್ಟು ಜಾಗ ಬಿಟ್ಟು, ಬೆಲ್ ಹೊಡೆಯದೆ, ದಾಟದೆ, ಹಿಂದೆಯೇ ಹೋದೆ.

ನನ್ನ ಸೈಕಲ್ಲಿನ ಫ್ರೀವ್ಹೀಲಿನ ಟಿಕಟಿಕ ಅವರಿಗೆ ಕೇಳಿಸಿತು. ಹೆಜ್ಜೆ ತಪ್ಪಿತು. ಭುಜ ಮೇಲೆದ್ದು ಕಿವಿಯ ಹತ್ತಿರ ಬಂತು. ಹಿಂದೆ ಇರುವವರು ಯಾರೆಂದು ಅವರಿಗೆ ಗೊತ್ತಾಗಿರಬೇಕು, ತಿರುಗಿ ನೋಡಲಿಲ್ಲ. ನನ್ನ ಹಿಂದೆ ಬಸ್ಸೊಂದು ಹಾರ್ನ್ ಬಾರಿಸುತ್ತ ಬೈದುಕೊಂಡು ಬಲದಿಂದ ದಾಟಿ ಹೋಯಿತು. ನಾನು ಸರಿಯಲಿಲ್ಲ. ಇಗರ್ಜಿಯ ತಿರುವಿನವರೆಗೂ ಅದೇ ಅಂತರದಲ್ಲಿ, ಅದೇ ವೇಗದಲ್ಲಿ ಹೋದೆ.

ಹಿಂದೆ ಬರುತ್ತಿರುವವನ ಕಣ್ಣು ರಸ್ತೆಯ ಮೇಲೆಯೇ ಇದೆ ಎಂದು ನಂಬಿಕೊಂಡು ನಡೆಯುವುದು ಹೇಗಿರುತ್ತದೆ ಎಂಬುದು ಅವರಿಗೂ ತಿಳಿಯಲಿ.